ಒಂದೇ ಅಚ್ಚಿನ ಎರಡು ಉಂಗುರ

ಸೆಪ್ಟೆಂಬರ್ 3

ಪ್ರೀತಿಯ ಅಕ್ಕನಿಗೆ,

ಓರಗಿತ್ತಿಗೆ ಕಾಗದ ಬರೆಯುವವಳು ಈ ಕಾಲದಲ್ಲಿ ನಾನೊಬ್ಬಳೇ ಇರಬೇಕು. ಫೋನ್ ಮಾಡೋಣವೆಂದರೆ ನಿಮ್ಮ ಮನೆಯ ಫೋನ್ ಇರುವುದು ಅತ್ತೆಯ ಕುರ್ಚಿಯ ಪಕ್ಕದಲ್ಲಿ. ನೀವು ಬರೀ "ಹೂಂ" ಅಂದರೂ ಆ ಹೂಂ ಯಾವುದಕ್ಕೆ ಅಂತ ಅವರಿಗೆ ಗೊತ್ತಾಗಿಬಿಡುತ್ತದೆ. ಈ ವಿಷಯ ಅವರ ಕಿವಿಗೆ ಬೀಳಬಾರದು.

ನವೆಂಬರ್ ಒಂದರಿಂದ ಅತ್ತೆ ನಮ್ಮ ಮನೆಗೆ ಬರುವುದೆಂದು ಅಣ್ಣತಮ್ಮಂದಿರು ತೀರ್ಮಾನ ಮಾಡಿದ್ದಾರೆ. ಹದಿನೈದು ವರ್ಷ ನೀವು ನೋಡಿಕೊಂಡಿರಿ, ಇನ್ನು ನಮ್ಮ ಸರದಿ. ನಾನು ತುಟಿಪಿಟಕ್ಕೆನ್ನದೆ ಒಪ್ಪಿದೆ. ಒಪ್ಪುವ ಮುಂಚೆ ನನ್ನ ಕೈ ನೋಡಿಕೊಳ್ಳಬೇಕಿತ್ತು.

ನನ್ನ ಮದುವೆಯ ಮಾರನೆಯ ದಿನ ಅತ್ತೆ ನಮ್ಮಿಬ್ಬರನ್ನೂ ಅಡುಗೆಮನೆಗೆ ಕರೆದು ಎರಡು ಪುಟ್ಟ ಡಬ್ಬಿ ಕೊಟ್ಟರಲ್ಲ, "ಎರಡೂ ಒಂದೇ ಅಚ್ಚಿಂದು, ಜಗಳ ಬೇಡ" ಅಂತ, ಆ ಉಂಗುರದ ವಿಷಯ. ಒಡವೆ ತಯಾರಿಸುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಪಾಲಿಶ್ ಮಾಡಿದ ಹೆಂಗಸು ಸೊಸೆಯರಿಗೆ ಬಿಳಿ ಉಂಗುರ ಕೊಟ್ಟರೆ ಅದು ಪ್ಲಾಟಿನಮ್ಮೇ ಎಂದು ಮನೆಮಂದಿಯೆಲ್ಲ ಅಂದುಕೊಂಡೆವು. ಒಂಬತ್ತು ವರ್ಷದಿಂದ ನಾನು ಹಾಗೆಂದೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ.

ಈಗ ಆ ಉಂಗುರ ಅಂಗೈ ಕಡೆಗೆ ಹಳದಿಯಾಗುತ್ತಿದೆ. ಮೊದಲು ಅರಿಶಿನದ ಕಲೆ ಅಂದುಕೊಂಡು ಉಜ್ಜಿದೆ. ಉಜ್ಜಿದಷ್ಟೂ ಹಳದಿ ಜಾಸ್ತಿಯಾಯಿತು. ನಮ್ಮ ಕಟ್ಟಡದ ಕೆಳಗೇ ಒಬ್ಬ ಅಕ್ಕಸಾಲಿಯ ಅಂಗಡಿ ಇದೆ. ಆತ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿ, "ಅಮ್ಮಾ, ಇದು ಬಿಳಿ ಚಿನ್ನ. ಚಿನ್ನಕ್ಕೆ ನಿಕಲ್ ಬೆರೆಸಿ ಬಣ್ಣ ತೆಗೆದಿದ್ದಾರೆ, ಮೇಲೆ ರೋಡಿಯಂ ಲೇಪ ಕೊಟ್ಟಿದ್ದಾರೆ. ಲೇಪ ಸವೀತು, ಒಳಗಿನ ಬಣ್ಣ ಕಾಣ್ತಿದೆ. ಪ್ಲಾಟಿನಂ ಆದ್ರೆ ಹಳದಿ ಆಗೋ ಮಾತೇ ಇಲ್ಲ" ಅಂದ.

ನಿಮ್ಮದು ಹಳದಿಯಾಗಿದೆಯೇ ಅಕ್ಕ? ಇಷ್ಟೇ ನನ್ನ ಪ್ರಶ್ನೆ. ಮನಸ್ಸಿನಲ್ಲಿ ಏನೂ ಇಟ್ಟುಕೊಂಡು ಕೇಳುತ್ತಿಲ್ಲ.

ನಿಮ್ಮ ತಂಗಿ

*

ಸೆಪ್ಟೆಂಬರ್ 9

ತಂಗೀ,

ಏನೂ ಇಟ್ಟುಕೊಂಡಿಲ್ಲ ಅಂತ ಬರೆದಿದ್ದೀಯ ನೋಡು, ಅಲ್ಲೇ ಗೊತ್ತಾಯಿತು.

ನಿನ್ನ ಕಾಗದವನ್ನು ಬಾಗಿಲಲ್ಲಿ ಇಸಿದುಕೊಂಡವರು ಅತ್ತೆ. ನನ್ನ ಕೈಗೆ ಬರುವ ಹೊತ್ತಿಗೆ ಲಕೋಟೆಯ ಒಂದು ಮೂಲೆಯ ಅಂಟು ಬಿಟ್ಟಿತ್ತು. ಅದು ಅಂಚೆಯವರ ಕೈಚಳಕವೋ ಇವರದೋ ನಾನು ಕೇಳಲಿಲ್ಲ. ಇನ್ನು ಮುಂದೆ ನಮ್ಮ ಎದುರಿನ ಗುಂಡಿ-ದಾರದ ಅಂಗಡಿಯ ವಿಳಾಸಕ್ಕೆ ಹಾಕು.

ನನ್ನ ಉಂಗುರ ಹಳದಿಯಾಗಿಲ್ಲ. ಹಿಗ್ಗಬೇಡ, ಕುಗ್ಗಲೂ ಬೇಡ. ಅದು ಬೂದಿ ಬಣ್ಣಕ್ಕೆ ತಿರುಗಿ ಆರೇಳು ವರ್ಷವಾಯಿತು. ಮೈತುಂಬ ಗೀರು. ಪ್ರತಿ ಮೇ ತಿಂಗಳಲ್ಲಿ ನೀವು ಬಂದಾಗ ಊಟದ ಮೇಜಿನ ಮೇಲೆ ನಿನ್ನ ಕೈ ಪಳಪಳ ಅನ್ನುತ್ತಿತ್ತು, ನನ್ನದು ಹಳೇ ಚಮಚದ ಹಿಡಿಯ ಹಾಗೆ ಮಂಕು. ಅದಕ್ಕೇ ನೀನು ಬಂದಾಗಲೆಲ್ಲ ನಾನು ಬಡಿಸುವ ಕೆಲಸ ಹಿಡಿಯುತ್ತಿದ್ದೆ, ಪಕ್ಕದಲ್ಲಿ ಕೂರುತ್ತಿರಲಿಲ್ಲ. ನಿನಗೆ ಒಳ್ಳೆಯದು, ನನಗೆ ಸ್ಟೀಲೋ ಬೆಳ್ಳಿಯೋ ಯಾವುದೋ ಒಂದು ಕೊಟ್ಟಿದ್ದಾರೆ ಅಂತ ನಾನು ಯಾವತ್ತೋ ಲೆಕ್ಕ ಮುಗಿಸಿಬಿಟ್ಟಿದ್ದೇನೆ.

ಯಾಕೆ ಅಂತ ನಿನಗೆ ಗೊತ್ತಿರಲಿಕ್ಕಿಲ್ಲ, ನೀನಾಗ ಈ ಮನೆಗೆ ಬಂದಿರಲಿಲ್ಲ. ನನ್ನ ಮದುವೆಯಲ್ಲೂ ಅತ್ತೆ ಒಂದು ಬಿಳಿ ಚಿನ್ನದ ಉಂಗುರ ಹಾಕಿದ್ದರು. ಮೂರು ತಿಂಗಳಲ್ಲಿ ಬೆರಳೆಲ್ಲ ಗುಳ್ಳೆ, ತುರಿಕೆ, ಚರ್ಮ ಸುಲಿದು ನೀರು ಬಂತು. ತೆಗೆದಿಟ್ಟೆ. ಅವರು ನಾಲ್ಕು ಜನರ ಎದುರು, "ನಮ್ಮನೆ ಉಂಗುರ ಮೈಗೆ ಒಗ್ಗಲ್ಲ ಅಂದ್ರೆ ನಮ್ಮನೇನೇ ಒಗ್ಗಲ್ಲ ಅಂತ" ಅಂದರು. ಅವತ್ತಿನಿಂದ ನಮ್ಮಿಬ್ಬರ ನಡುವೆ ಮಾತು ಅಂದರೆ ಊಟ, ಮಾತ್ರೆ, ಕರೆಂಟ್ ಹೋಯ್ತು, ಕರೆಂಟ್ ಬಂತು. ಅಷ್ಟೇ. ಅವರ ಮಂಡಿ ಹೋಗಿ ಎರಡು ವರ್ಷವಾಯಿತು. ಗೇಟು ದಾಟಿ ಹೊರಗೆ ಕಾಲಿಟ್ಟಿಲ್ಲ. ಹಗಲೆಲ್ಲ ನಾವಿಬ್ಬರೇ ಇರುತ್ತೇವೆ, ನನ್ನ ಹೊಲಿಗೆ ಮಿಷನ್ನೇ ಜಾಸ್ತಿ ಮಾತಾಡುತ್ತದೆ.

ಅದಿರಲಿ. ನವೆಂಬರ್ ಒಂದು ಗಟ್ಟಿ ತಾನೇ? ಶಾಲೆಯೊಂದರಿಂದ ಇನ್ನೂರು ಜೊತೆ ಸಮವಸ್ತ್ರ ಒಪ್ಪಿಕೊಂಡಿದ್ದೇನೆ. ಬಟ್ಟೆ ಕತ್ತರಿಸುವ ಮೇಜು ಹಾಕುವುದಕ್ಕೆ ಇರುವುದು ಅವರ ಕೋಣೆಯೊಂದೇ. ಅಳತೆಯನ್ನೂ ತೆಗೆದಿಟ್ಟಿದ್ದೇನೆ. ಈ ಒಂದು ಸಲ ನನಗೆ ನನ್ನದು ಅಂತ ಒಂದು ಜಾಗ ಬೇಕು.

ಅಕ್ಕ

*

ಸೆಪ್ಟೆಂಬರ್ 14

ಅಕ್ಕನಿಗೆ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಮೂರನೆಯ ಸಲ ಒಂದು ಸಾಲಿನ ಕೆಳಗೆ ಗೆರೆ ಎಳೆದೆ. ನಿಮ್ಮದು ಬೂದಿ ಬಣ್ಣ, ಗೀರು ಇದೆ, ಹಳದಿ ಇಲ್ಲ ಅಂತ ಬರೆದಿರಿ. ಅದನ್ನೇ ಕೆಳಗಿನ ಅಕ್ಕಸಾಲಿಗೆ ಹೇಳಿದೆ. ಆತ ನಕ್ಕು, "ಅದೇ ಪ್ಲಾಟಿನಂ ಸ್ವಭಾವ. ಗೀರು ಬೀಳತ್ತೆ, ಮಂಕಾಗತ್ತೆ, ಬಣ್ಣ ಮಾತ್ರ ಬಿಡಲ್ಲ. ಬೆಳ್ಳಿ ಆಗಿದ್ರೆ ಇಷ್ಟೊತ್ತಿಗೆ ಕಪ್ಪಾಗಿರ್ತಿತ್ತು" ಅಂದ.

ನಾನು ಕಾಲೇಜಿನ ಪ್ರಯೋಗಾಲಯದಲ್ಲಿ ದುಡಿಯುವವಳು. ಊಹೆ ನನಗೆ ಆಗುವುದಿಲ್ಲ. ನಿನ್ನೆ ನಮ್ಮ ತಕ್ಕಡಿಯಲ್ಲಿ ನನ್ನ ಉಂಗುರ ತೂಗಿದೆ: 4.2 ಗ್ರಾಂ. ದಾರಕ್ಕೆ ಕಟ್ಟಿ ನೀರಲ್ಲಿ ಮುಳುಗಿಸಿ ತೂಗಿದೆ: 0.28 ಗ್ರಾಂ ಕಡಿಮೆ ಬಂತು. ಅಂದರೆ ನೀರಿಗಿಂತ ಹದಿನೈದು ಪಟ್ಟು ಭಾರ. ಬಿಳಿ ಚಿನ್ನದ ಲೆಕ್ಕ ಸರಿಯಾಗಿ ಕೂತಿತು. ಪ್ಲಾಟಿನಂ ಆಗಿದ್ದರೆ ಅದೇ ಅಚ್ಚಿನ ಉಂಗುರ 5.8 ಗ್ರಾಂ ತೂಗಬೇಕು.

ಇನ್ನೊಂದು ಸಂಗತಿ. ಯಾವುದೇ ಒಡವೆಯ ಒಳಮೈಯಲ್ಲಿ ಲೋಹದ ಮುದ್ರೆ ಇರುತ್ತದೆ. ಬಿಳಿ ಚಿನ್ನಕ್ಕೆ 750, ಪ್ಲಾಟಿನಮ್ಮಿಗೆ 950. ನನ್ನದರಲ್ಲಿ ಅಂಕಿ ಇಲ್ಲ, ಅಂಕಿ ಇದ್ದ ಜಾಗ ಇದೆ. ಯಾರೋ ನಯವಾಗಿ ಉಜ್ಜಿ ತೆಗೆದಿದ್ದಾರೆ. ಅಲ್ಲಿ ಕೂದಲೆಳೆಯಷ್ಟು ತಗ್ಗಿದೆ.

ಈಗ ನೀವೇ ಹೇಳಿ. ನನ್ನ ಹೆರಿಗೆಯಾದದ್ದು ನಿಮ್ಮ ಊರಲ್ಲಿ. ಬೆರಳು ಊದಿಕೊಂಡಿತ್ತೆಂದು ಉಂಗುರ ಬಿಚ್ಚಿ ನಿಮ್ಮ ಕೈಗೆ ಕೊಟ್ಟಿದ್ದೆ. ನಲವತ್ತು ದಿನ ಅದು ನಿಮ್ಮ ಹತ್ತಿರ ಇತ್ತು. ಅದೂ ಅಲ್ಲದೆ, ಮೇ ತಿಂಗಳಲ್ಲಿ ನಾವು ಬಂದಾಗಲೆಲ್ಲ ಅತ್ತೆ, "ಕೊಡು, ತೊಳೆದು ಕೊಡ್ತೀನಿ" ಅಂತ ಇಸಿದುಕೊಂಡು ಮಾರನೆಯ ದಿನ ವಾಪಸ್ ಕೊಡುತ್ತಿದ್ದರು. ಸೋಪಿನ ನೀರಲ್ಲಿ ಉಂಗುರ ತೊಳೆಯಲು ಒಂದು ಇಡೀ ದಿನ ಬೇಕೇ? ಆದರೂ ಅತ್ತೆ ಅದಲುಬದಲು ಮಾಡಿ ಅವರಿಗೇನು ಸಿಗಬೇಕು? ಎರಡರಲ್ಲಿ ಒಂದು ಮಾತ್ರ ಪ್ಲಾಟಿನಂ ಆಗಿದ್ದರೆ ಅದನ್ನು ಹೊಸ ಸೊಸೆಗೆ ಕೊಟ್ಟಿರುತ್ತಾರೆಯೇ ಹೊರತು, ಮಾತೇ ಆಡದ ಸೊಸೆಗೆ ಕೊಟ್ಟಿರುವುದಿಲ್ಲ. ಕಠಿಣವಾಗಿ ಬರೆದೆ, ಆದರೆ ಇದು ನೀವೇ ಹೇಳಿದ ಮಾತು.

ನಿಮ್ಮ ಉಂಗುರ ತೂಗಿ ತೂಕ ಬರೆದು ಕಳಿಸಿ. ಅಡುಗೆಮನೆಯ ತಕ್ಕಡಿ ಬೇಡ, ಅದಕ್ಕೆ ಆಲೂಗಡ್ಡೆಯೂ ಉಂಗುರವೂ ಒಂದೇ. ಔಷಧ ಅಂಗಡಿಯಲ್ಲೋ ಒಡವೆ ಅಂಗಡಿಯಲ್ಲೋ ತೂಗಿಸಿ. ಮತ್ತೆ, ಇದನ್ನೂ ಈಗಲೇ ಹೇಳಿಬಿಡುತ್ತೇನೆ: ಪ್ಲಾಟಿನಂ ಯಾರ ಬೆರಳಲ್ಲಿದೆಯೋ ಅತ್ತೆ ಅವರ ಮನೆಯಲ್ಲಿರಲಿ.

ಇಂತು

*

ಸೆಪ್ಟೆಂಬರ್ 28

ಲ್ಯಾಬೊರೇಟರಿ ಮೇಡಂ ಅವರಿಗೆ,

ಹದಿನೈದು ವರ್ಷ ಈ ಮನೆಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡವಳನ್ನು ನೀನು ಒಂದು ಹಾಳೆಯಲ್ಲಿ ಕಳ್ಳಿ ಮಾಡಿದೆ. ಕೈ ಎತ್ತಿ ಮುಗಿಯಬೇಕು ನಿನಗೆ.

ತೂಗಿಸಿದೆ. ಎರಡು ಗ್ರಾಂ. ಇನ್ನೇನಾದರೂ ಬೇಕೇ? ಒಳಗೆ ಯಾವ ಅಂಕಿಯೂ ಇಲ್ಲ. ಎರಡು ಗ್ರಾಮಿನ ಬೂದಿ ಬಣ್ಣದ ವಸ್ತುವಿಗೆ ಯಾರಾದರೂ ಮುದ್ರೆ ಹಾಕುತ್ತಾರೆಯೇ? ನಾನು ಮೊದಲೇ ಹೇಳಿದ್ದೆ, ನನ್ನದೇ ಕೀಳು. ಈಗ ತೂಕವೂ ಬಂತು, ನಿನ್ನ ಅನುಮಾನವೂ ತೀರಿತು. ನಿನ್ನ ಮಾತಿನ ಪ್ರಕಾರವೇ ಅತ್ತೆ ನಿನ್ನ ಮನೆಗೆ ಬರಬೇಕು.

ಅವರ ಬಟ್ಟೆಗಳನ್ನು ಒಗೆದು ಮಡಚಲು ಶುರು ಮಾಡಿದ್ದೇನೆ. ಒಂದನೇ ತಾರೀಖು ಮೈದುನನನ್ನು ಬೆಳಿಗ್ಗೆಯ ಬಸ್ಸಿಗೇ ಕಳಿಸು.

ಅಕ್ಕ ಅನ್ನಬೇಕೆನಿಸಿದರೆ ಅನ್ನು

*

ಅಕ್ಟೋಬರ್ 3

ದೊಡ್ಡ ಸೊಸೆಯವರಿಗೆ,

ಸುಳ್ಳು ಹೇಳುವಾಗಲೂ ಸ್ವಲ್ಪ ಅಳತೆ ನೋಡಿಕೊಳ್ಳಬೇಕು. ಬಟ್ಟೆಯಾದರೆ ನೀವು ಕಣ್ಣಳತೆಯಲ್ಲೇ ಸರಿಯಾಗಿ ಕತ್ತರಿಸುತ್ತೀರಿ, ಲೋಹದಲ್ಲಿ ಕತ್ತರಿ ದಾರಿ ತಪ್ಪಿದೆ.

ನನ್ನ ಉಂಗುರದ ಅಚ್ಚಿನಲ್ಲೇ ಬೆಳ್ಳಿ ಸುರಿದರೂ 2.9 ಗ್ರಾಂ ಬರಬೇಕು. ಸ್ಟೀಲಿಗೂ ಎರಡಕ್ಕಿಂತ ಜಾಸ್ತಿ. ಸರಿಯಾಗಿ ಎರಡು ಗ್ರಾಂ ಅಂದರೆ, ಪುಸ್ತಕ ತೆಗೆದು ನೋಡಿದೆ, ಅದು ಸತು. ತಗಡಿನ ಬಕೆಟ್ಟಿಗೆ ತುಕ್ಕು ಹಿಡಿಯದಿರಲೆಂದು ಬಳಿಯುತ್ತಾರಲ್ಲ, ಅದು. ಮೂವತ್ತು ವರ್ಷ ಒಡವೆಗೆ ಹೊಳಪು ಕೊಟ್ಟ ಹೆಂಗಸು ಸೊಸೆಗೆ ಸತುವಿನ ಉಂಗುರ ಮಾಡಿಸಿದರು ಅಂತ ನಾನು ನಂಬಬೇಕೇ? ನೀವು ತೂಗಿಸಿಲ್ಲ, ಅಥವಾ ತೂಗಿಸಿ ಮುಚ್ಚಿಡುತ್ತಿದ್ದೀರಿ. ಎರಡನೆಯದೇ ಇರಬೇಕು. ತೂಗಿಸದಿದ್ದರೆ ನಿಮಗೆ ಉತ್ತರಿಸಲು ಎರಡು ವಾರ ಬೇಕಾಗಿರಲಿಲ್ಲ.

ಇನ್ನು ನನ್ನಿಂದ ಕಾಗದ ಬರುವುದಿಲ್ಲ. ನಿಜವಾದ ತೂಕ ಬರುವ ತನಕ ಒಂದನೇ ತಾರೀಖಿನ ಮಾತೂ ಇಲ್ಲ. ಈ ತಿಂಗಳ ಕೊನೆಯೊಳಗೆ ಬರದಿದ್ದರೆ ಭಾವನಿಗೂ ಇವರಿಗೂ ಎಲ್ಲ ಕಾಗದ ತೋರಿಸುತ್ತೇನೆ. ಅತ್ತೆಗೂ.

*

ಅಕ್ಟೋಬರ್ 19

ತಂಗೀ,

ಸತು ಅಲ್ಲ. 5.8.

ಔಷಧ ಅಂಗಡಿಯಲ್ಲಿ ತೂಗಿಸಿದ್ದು ಸೆಪ್ಟೆಂಬರ್ ಇಪ್ಪತ್ತೈದಕ್ಕೆ. ಅಂಗಡಿಯವರು ಎರಡು ಸಲ ಇಟ್ಟು ನೋಡಿದರು. ಎರಡು ಸಲವೂ ಐದು ಪಾಯಿಂಟ್ ಎಂಟು. ನೀನು ಬರೆದ ಅಂಕಿಯೇ ಗಾಜಿನ ಪೆಟ್ಟಿಗೆಯಲ್ಲಿ ಕೆಂಪಗೆ ಉರಿಯುತ್ತಿತ್ತು. ಕೆಮ್ಮಿನ ಮಾತ್ರೆ ಕೊಂಡು ಹೊರಗೆ ಬಂದೆ. ಮನೆಯಲ್ಲಿ ಯಾರಿಗೂ ಕೆಮ್ಮು ಇರಲಿಲ್ಲ.

ಸುಳ್ಳು ಬರೆದದ್ದು ಕೋಣೆಗಾಗಿ. ಅದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಬರೀ ಕೋಣೆಗಾಗಿ ಅಲ್ಲ. ನಿನ್ನ ಹೆರಿಗೆಯ ಹೊತ್ತಿನಲ್ಲಿ, ಮನೆಯಲ್ಲಿ ಬಾಣಂತಿ, ಕೂಸು, ಬಿಸಿನೀರು, ಬಟ್ಟೆ ಅಂತ ಕೈ ಸದಾ ಒದ್ದೆ ಇರುತ್ತಿದ್ದ ಕಾರಣ ನಾನೂ ನನ್ನ ಉಂಗುರ ಬಿಚ್ಚಿಟ್ಟಿದ್ದೆ. ಎರಡೂ ಒಂದೇ ಡಬ್ಬಿಯಲ್ಲಿ, ದಾರದ ಉಂಡೆಗಳ ಮಧ್ಯೆ ಇದ್ದವು. ನಿನಗೆ ವಾಪಸ್ ಕೊಡುವಾಗ ಯಾವುದು ಯಾರದೆಂದು ನೋಡಿ ಕೊಟ್ಟೆನೇ? ನನಗೇ ನೆನಪಿಲ್ಲ. ನೀನು ಅನುಮಾನ ಪಟ್ಟೆ, ನಾನು ಬೈದೆ. ಅಂಗಡಿಯಿಂದ ಮನೆಗೆ ನಡೆದು ಬರುವಾಗ ನನ್ನ ಮೇಲೆ ನನಗೇ ಅನುಮಾನ ಶುರುವಾಯಿತು. ನಿನ್ನ ಉಂಗುರವನ್ನು ಇಷ್ಟು ವರ್ಷ ನಾನು ಹಾಕಿಕೊಂಡು ತಿರುಗಿದ್ದೇನೆಯೇ? ಆ ಹೆದರಿಕೆಗೆ ಎರಡು ಗ್ರಾಂ ಅಂತ ಬರೆದೆ.

ಆಮೇಲೆ ನಿನ್ನ ಬಕೆಟ್ಟಿನ ಕಾಗದ ಬಂತು. ಹತ್ತು ದಿನ ತಡೆದುಕೊಂಡೆ. ಮೊನ್ನೆ ತಡೆಯಲಾಗದೆ ಅತ್ತೆ ಕೆಲಸ ಮಾಡುತ್ತಿದ್ದ ಕಾರ್ಖಾನೆಗೆ ಹೋದೆ. ಅತ್ತೆಗೆ ಗುಂಡಿ ತರುತ್ತೇನೆಂದು ಹೇಳಿದೆ. ಅವರು "ಗುಂಡಿ ತರೋಕೆ ಚಪ್ಪಲಿ ಬದಲಾಯಿಸ್ಬೇಕಾ?" ಅಂದರು. ಅವರ ಕಣ್ಣು ತಪ್ಪಿಸುವುದು ಯಾರಿಂದಾದೀತು!

ಅಲ್ಲಿ ಎರಕ ಹೊಯ್ಯುವ ಒಬ್ಬ ಮುದುಕರು ಇನ್ನೂ ಇದ್ದಾರೆ. ಕುಲುಮೆಯ ಪಕ್ಕ ಹುಬ್ಬು ಸುಟ್ಟುಕೊಂಡು ಕೂತಿದ್ದರು. ಉಂಗುರ ಬಿಚ್ಚಿ ಕೊಟ್ಟೆ. ಅಂಗೈಯಲ್ಲಿ ಒಂದು ಸಲ ಎಗರಿಸಿ ಹಿಡಿದು, "ಇದನ್ನ ಹಾಕ್ಕೊಂಡಿದ್ದೀರಾ! ಒಳ್ಳೇದಾಯ್ತು. ನೀವು ದೊಡ್ಡ ಸೊಸೆ ಅಲ್ವಾ?" ಅಂದರು. ನಾನು ಇನ್ನೂ ಬಾಯಿ ಬಿಟ್ಟಿರಲಿಲ್ಲ.

ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ, ನೀನು ಜರಡಿ ಹಿಡಿಯುವವಳು.

"ನಿಮ್ಮತ್ತೆ ಎರಡು ಉಂಗುರಕ್ಕೆ ಮೇಣದ ಅಚ್ಚು ತೆಗೆಸಿದ್ರು. ಒಂದನ್ನ ನಾನು ಬಿಳಿ ಚಿನ್ನದಲ್ಲಿ ಹೊಯ್ದೆ. ಇನ್ನೊಂದನ್ನ ಪ್ಲಾಟಿನಂನಲ್ಲಿ ಮಾಡ್ಬೇಕು ಅಂದ್ರು. ನಮ್ಮ ಕುಲುಮೇಲಿ ಪ್ಲಾಟಿನಂ ಕರಗೋದಿಲ್ಲ ತಾಯಿ, ಅದಕ್ಕೆ ಇದರ ಒಂದೂಮುಕ್ಕಾಲರಷ್ಟು ಕಾವು ಬೇಕು. ಬೇರೆ ಕಡೆ ಕಳಿಸಿ ಹದಿನೈದು ದಿನ ಕಾದ್ವಿ. ಯಾಕಮ್ಮ ಇಷ್ಟು ತಾಪತ್ರಯ, ನಿಕಲ್ ಬದಲು ಪಲ್ಲಾಡಿಯಂ ಬೆರೆಸಿದ ಬಿಳಿ ಚಿನ್ನ ಇದೆ, ಅದೂ ತುರಿಸಲ್ಲ ಅಂದೆ. ಬೇಡ, ಬೆರಕೇಲಿ ಯಾರು ಏನು ಹಾಕಿರ್ತಾರೋ ನಂಬೋಕಾಗಲ್ಲ, ದೊಡ್ಡವಳ ಬೆರಳಲ್ಲಿ ಇನ್ನೊಂದು ಸಲ ಗುಳ್ಳೆ ಏಳಬಾರದು ಅಂದ್ರು."

ಮುದ್ರೆ ಯಾರು ಅಳಿಸಿದ್ದು ಅಂತ ಕೇಳಿದೆ.

"ಅವರೇ. ರಜೆ ದಿನ ಬಂದು ಕೂತು ಎರಡರ ಅಂಕೀನೂ ಉಜ್ಜಿದ್ರು. ಬಿಳಿ ಚಿನ್ನದ್ದು ಅರ್ಧ ಗಂಟೆ. ಪ್ಲಾಟಿನಂ ಅಂದ್ರೆ ಹಠಮಾರಿ ಮಗೂಗೆ ಊಟ ಮಾಡಿಸಿದ ಹಾಗೆ, ಸಂಜೆವರೆಗೂ ಹಿಡೀತು. ಯಾಕೆ ಅಂತ ಕೇಳಿದ್ರೆ, ಅಂಕಿ ಇದ್ರೆ ಚಿಕ್ಕವಳು ಮೊದಲ ದಿನಾನೇ ಓದ್ತಾಳೆ, ಓದು ಕಲಿತವಳು, ಕೊರಗ್ತಾಳೆ ಅಂದ್ರು."

ಕೊನೆಗೆ ಧೈರ್ಯ ಮಾಡಿ ದಾರದ ಡಬ್ಬಿಯ ವಿಷಯ ಹೇಳಿದೆ, ಅದಲುಬದಲಾಗಿದ್ದರೆ ಏನು ಗತಿ ಅಂತ. ಅವರು ನನ್ನ ಬೆರಳು ಹಿಡಿದು ಬೆಳಕಿಗೆ ತಿರುಗಿಸಿದರು. "ಅದಲುಬದಲಾಗಿದ್ರೆ ಈ ಬೆರಳೇ ಹೇಳ್ತಿತ್ತು. ನಿಕಲ್ ಸುಮ್ಮನೆ ಇರೋ ಜಾತಿ ಅಲ್ಲ" ಅಂದರು. ಒಂಬತ್ತು ವರ್ಷ ಉಂಗುರ ಹಾಕಿಕೊಂಡೆ. ಯಾಕೆ ತುರಿಸುತ್ತಿಲ್ಲ ಅಂತ ಒಂದು ದಿನವೂ ನನಗೆ ಹೊಳೆಯಲಿಲ್ಲ ತಂಗೀ. ತುರಿಸಿದ್ದು ಮಾತ್ರ ನೆನಪಿಟ್ಟುಕೊಂಡೆ.

ಮನೆಗೆ ಬಂದಾಗ ಅತ್ತೆ ನನ್ನ ಗುಂಡಿಗಳನ್ನು ಗಾತ್ರದ ಪ್ರಕಾರ ಬೇರೆ ಮಾಡುತ್ತಾ ಕೂತಿದ್ದರು. ನೋಡದೆಯೇ, ಬೆರಳ ತುದಿಯಲ್ಲೇ. ನಾನು ಎದುರಿಗೆ ಕುಕ್ಕರಿಸಿದೆ.

"ಅತ್ತೆ, ಈ ಉಂಗುರ ನನಗೇ ಅಂತ ಬೇರೆ ಮಾಡಿಸಿದ್ರಾ?"

"ಯಾರು ಹೇಳಿದ್ದು?"

"ಎರಕದವರು."

"ಅವನ ಬಾಯಿಗೆ ಬೀಗ ಇಲ್ಲ."

"ನನಗೊಂದು ಮಾತು ಹೇಳ್ಬಾರದಿತ್ತಾ?"

ಅವರು ಒಂದು ಗುಂಡಿ ಎತ್ತಿ ಈ ಬಟ್ಟಲಿಗೋ ಆ ಬಟ್ಟಲಿಗೋ ಅಂತ ನೋಡಿದರು. "ಹೇಳಿದ್ದಿದ್ರೆ ಹಾಕ್ಕೋತಿದ್ಯಾ?"

ಹಾಕಿಕೊಳ್ಳುತ್ತಿರಲಿಲ್ಲ. ನಿಮ್ಮ ಉಪಕಾರ ನಿಮ್ಮ ಹತ್ತಿರವೇ ಇರಲಿ ಅಂತ ಡಬ್ಬಿಯ ಸಮೇತ ವಾಪಸ್ ಇಡುತ್ತಿದ್ದೆ. ಅದು ಅವರಿಗೆ ಗೊತ್ತಿತ್ತು. ನಾನು ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಅವತ್ತು ನಾಲ್ಕು ಜನರ ಎದುರು ಆ ಮಾತು ಆಡಿದವರೂ ಅವರೇ, ಇದನ್ನು ಮಾಡಿಸಿದವರೂ ಅವರೇ. ಎರಡನ್ನೂ ಒಟ್ಟಿಗೆ ಎಲ್ಲಿ ಇಟ್ಟುಕೊಳ್ಳಬೇಕೆಂದು ನನಗಿನ್ನೂ ತಿಳಿಯುತ್ತಿಲ್ಲ.

ಪ್ಲಾಟಿನಂ ಇರುವವರ ಮನೆಯಲ್ಲಿ ಅತ್ತೆ ಇರಲಿ ಅಂದೆಯಲ್ಲ, ಇರಲಿ. ಮೈದುನನನ್ನು ಕಳಿಸಬೇಡ. ಕತ್ತರಿಸುವ ಮೇಜನ್ನು ನಡುಮನೆಯಲ್ಲಿ ಹಾಕಿಕೊಳ್ಳುತ್ತೇನೆ. ಓಡಾಡುವವರು ಅಡ್ಡಡ್ಡ ನಡೆದರಾಯಿತು.

ಸುಳ್ಳು ಬರೆದದ್ದಕ್ಕೆ ಕ್ಷಮಿಸು. ಕಳ್ಳಿ ಅಂದದ್ದಕ್ಕೆ ನೀನೂ ಒಂದು ಸಾಲು ಬರೆಯಬೇಕು.

ಅಕ್ಕ

*

ಅಕ್ಟೋಬರ್ 23

ಅಕ್ಕಾ,

ಆ ಒಂದು ಸಾಲು ಮೊದಲು: ತಪ್ಪಾಯಿತು. ನಿಮ್ಮನ್ನು ಹಾಗೆ ಅನ್ನಬಾರದಿತ್ತು.

ಆದರೆ ನಿಮ್ಮ ಕಾಗದ ಓದಿ ನನಗೆ ಸಮಾಧಾನವಾಯಿತು ಅಂತ ಬರೆದರೆ ಅದು ಸುಳ್ಳಾಗುತ್ತದೆ. ಹೊಟ್ಟೆ ಉರಿಯಿತು. ಎರಡು ದಿನ ಮನೆಯಲ್ಲಿ ಪಾತ್ರೆಗಳ ಸದ್ದೇ ಜಾಸ್ತಿ ಇತ್ತು. ನಿಮಗಾಗಿ ಬೇರೆ ಊರಿಗೆ ಅಚ್ಚು ಕಳಿಸಿ, ಹದಿನೈದು ದಿನ ಕಾದು, ಸಂಜೆಯ ತನಕ ಕೂತು ಉಜ್ಜಿದರು. ನನಗೆ? ಅರ್ಧ ಗಂಟೆ. ನಾನು ಕೊರಗದಿರಲಿ ಅಂತ ಅಂಕಿ ಅಳಿಸಿದರಂತೆ. ಕೊರಗುವವಳು ಅಂತ ಮದುವೆಯ ಮಾರನೆಯ ದಿನವೇ ತೀರ್ಮಾನ ಮಾಡಿದ್ದರಲ್ಲ! ಅತ್ತೆಗೆ ನಿಮ್ಮ ಚರ್ಮದ ಚಿಂತೆ ಇತ್ತು, ನನ್ನ ಬಗ್ಗೆ ಇದ್ದದ್ದು ಬರೀ ಅನುಮಾನ ಅಂತ ಅಳು ಬಂತು.

ನಿನ್ನೆ ಉಂಗುರವನ್ನು ಕೆಳಗೆ ಅಕ್ಕಸಾಲಿಗೆ ಕೊಡಲು ಹೋದೆ, ಲೇಪ ಹಾಕಿಕೊಡಿ ಅಂತ. ಕೊಡುವಾಗ ಸುಮ್ಮನೆ ಕೇಳಿದೆ, ಒಂದು ಸಲ ಹಾಕಿದರೆ ಎಷ್ಟು ಕಾಲ ಬರುತ್ತದೆ ಅಂತ.

"ಇದು ಕೂದಲಿಗಿಂತ ತೆಳು ಇರತ್ತೆ ಅಮ್ಮಾ. ದಿನಾ ಹಾಕ್ಕೊಂಡು ಪಾತ್ರೆ ಬಟ್ಟೆ ತೊಳೆದ್ರೆ ಒಂದು ವರ್ಷ, ಒಂದೂವರೆ ವರ್ಷ. ಅಷ್ಟೇ."

ಅಕ್ಕಾ, ನನ್ನ ಉಂಗುರಕ್ಕೆ ಒಂಬತ್ತು ವರ್ಷ. ಎರಡನೇ ವರ್ಷಕ್ಕೇ ಅದು ಹಳದಿಯಾಗಬೇಕಿತ್ತು. ಮೊನ್ನೆ ಮೊನ್ನೆಯ ತನಕ ಬೆಳ್ಳಗಿತ್ತು. ಲೆಕ್ಕ ತಪ್ಪಿದರೆ ನನಗೆ ನಿದ್ದೆ ಬರುವುದಿಲ್ಲ ಅಂತ ನಿಮಗೆ ಗೊತ್ತಲ್ಲ, ಅಂಗಡಿಯ ಮೆಟ್ಟಿಲ ಮೇಲೇ ಕೂತು ಬೆರಳೆಣಿಸಿದೆ. ಪ್ರತಿ ಮೇ ತಿಂಗಳು. "ಕೊಡು, ತೊಳೆದು ಕೊಡ್ತೀನಿ." ಇಡೀ ದಿನ. ಅದು ಸೋಪಿನ ನೀರಲ್ಲ. ಕಾರ್ಖಾನೆಗೆ ನಡೆದು ಹೋಗಿ ಲೇಪ ಹಾಕಿಸಿಕೊಂಡು ಬರುತ್ತಿದ್ದರು. ಕೆಲಸ ಬಿಟ್ಟ ಮೇಲೂ ಹೋಗಿದ್ದಾರೆ. ಅವರ ಮಂಡಿ ಹೋಗಿ ಎರಡು ವರ್ಷ ಅಂತ ನೀವೇ ಬರೆದಿದ್ದೀರಿ. ಕಳೆದ ಎರಡು ಮೇ ತಿಂಗಳಲ್ಲಿ ಅವರು ನನ್ನ ಉಂಗುರ ಕೇಳಲಿಲ್ಲ. ನಾನು ಅದನ್ನು ಗಮನಿಸಲೂ ಇಲ್ಲ.

ಹಿಂದೆ ಅವರು ವಾಪಸ್ ಕೊಟ್ಟಾಗಲೆಲ್ಲ ನಾನೇನು ಮಾಡುತ್ತಿದ್ದೆ ಗೊತ್ತೇ? ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡು, ಇದು ನನ್ನದೇ ಹೌದೋ ಅಲ್ಲವೋ ಅಂತ ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ. ನಾಚಿಕೆಯಾಗುತ್ತದೆ.

ಲೇಪ ಹಾಕಿಸಲಿಲ್ಲ. ಹಾಗೇ ವಾಪಸ್ ಹಾಕಿಕೊಂಡು ಮೇಲೆ ಬಂದೆ. ಆ ಹಳದಿಯನ್ನು ಅಳಿಸಲು ಈಗ ಮನಸ್ಸಾಗುತ್ತಿಲ್ಲ.

ಇನ್ನೊಂದು ಮಾತು. ಎರಡು ತಿಂಗಳಿಂದ ನಾವಿಬ್ಬರೂ ಅವರನ್ನು ತೂಕದ ಬಟ್ಟಿನ ಹಾಗೆ ಆ ತಟ್ಟೆಯಿಂದ ಈ ತಟ್ಟೆಗೆ ಇಡುತ್ತಿದ್ದೇವೆ. ಅಣ್ಣತಮ್ಮಂದಿರೂ ಅಷ್ಟೇ. ನಿಮ್ಮ ಮನೆಯೋ ನಮ್ಮ ಮನೆಯೋ ಅಂತ ಅವರನ್ನು ಒಬ್ಬರಾದರೂ ಕೇಳಿದ್ದೇವೆಯೇ? ನೀವು ಕೇಳಿ. ನನ್ನ ಬಗ್ಗೆ ಏನೂ ಮುಚ್ಚಿಡಬೇಡಿ. ಅವರು ಏನಂದರೂ ನನಗೆ ಒಪ್ಪಿಗೆ. ಬರಲ್ಲ ಅಂದರೂ ಬೇಸರವಿಲ್ಲ. ಇದು ಸುಳ್ಳು, ಬೇಸರವಾಗುತ್ತದೆ, ಆದರೂ ಕೇಳಿ.

ನಿಮ್ಮ ತಂಗಿ

*

ಅಕ್ಟೋಬರ್ 27

ತಂಗೀ,

ಕೇಳಿದೆ. ಬೆಳಿಗ್ಗೆ, ಅವರ ತಲೆ ಬಾಚುವಾಗ. ಎದುರು ಬದುರು ಕೂತರೆ ನಮಗಿಬ್ಬರಿಗೂ ಮಾತು ಬರುವುದಿಲ್ಲ, ಬೆನ್ನ ಹಿಂದೆ ನಿಂತರೆ ಸಲೀಸು.

ನಿನ್ನ ಕಾಗದವನ್ನು ಪೂರ್ತಿ ಓದಿ ಹೇಳಿದೆ. ಬಚ್ಚಲುಮನೆಯದನ್ನೂ ಬಿಡಲಿಲ್ಲ. ಅವರು, "ಗೊತ್ತಿತ್ತು. ಚಿಲಕದ ಸದ್ದು ಕೇಳಿಸ್ತಿತ್ತು" ಅಂದರು. ಲಕೋಟೆಯ ಅಂಟಿನ ವಿಷಯವನ್ನೂ ಕೇಳಿಬಿಟ್ಟೆ. "ಅಂಟು ಬಿಡಿಸ್ದೆ. ಓದೋಕೆ ಕನ್ನಡಕ ಸಿಗಲಿಲ್ಲ" ಅಂದರು. ಎಷ್ಟು ನಿಜವೋ ನನಗೆ ತಿಳಿಯದು.

ಆಮೇಲೆ ಕೇಳಿದೆ: "ಎಲ್ಲಿರ್ತೀರಾ ಅತ್ತೆ? ಇಲ್ಲೋ, ಅಲ್ಲೋ?" ಇಲ್ಲೇ ಅನ್ನುತ್ತಾರೆ ಅಂತ ನನಗೆ ಖಾತ್ರಿಯಿತ್ತು. ನಿನಗೆ ಹೇಗೆ ಸಮಾಧಾನ ಬರೆಯಬೇಕು ಅಂತಲೂ ಯೋಚಿಸಿಟ್ಟಿದ್ದೆ.

ಅವರು ನನಗೇ ತಿರುಗಿ ಪ್ರಶ್ನೆ ಹಾಕಿದರು. "ಅವಳ ಮನೆ ಕೆಳಗಿರೋ ಅಕ್ಕಸಾಲಿ ಅಂಗಡೀಲಿ ಪಾಲಿಶ್ ಚಕ್ರ ಇದ್ಯಾ?"

"ಇರಬಹುದು. ಅವಳು ಬರೆದಿಲ್ಲ."

"ಲೇಪ ಹಾಕ್ತಾನೆ ಅಂದ್ರೆ ಚಕ್ರ ಇರ್ಲೇಬೇಕು. ಲೇಪಕ್ಕೆ ಮುಂಚೆ ಪಾಲಿಶ್ ಆಗ್ಬೇಕು. ಎಷ್ಟು ಮೆಟ್ಟಿಲು?"

"ಅತ್ತೆ, ಅಲ್ಲಿಗೆ ಹೋಗ್ತೀರಾ ಹಾಗಾದ್ರೆ?"

"ಹೋಗ್ತೀನಿ. ಆ ಸದ್ದು ಕೇಳಿ ಎರಡು ವರ್ಷ ಆಯ್ತು. ಸುಮ್ಮನೆ ಒಂದು ಸ್ಟೂಲ್ ಹಾಕ್ಕೊಂಡು ಕೂತಿರ್ತೀನಿ. ಕೆಲಸ ಮಾಡು ಅಂತ ಅವನೇನೂ ಕೇಳ್ಬೇಕಾಗಿಲ್ಲ."

ನನ್ನ ಕೈಯಲ್ಲಿ ಬಾಚಣಿಗೆ ನಿಂತುಹೋಯಿತು. ಮೂವತ್ತು ವರ್ಷ ಆ ಚಕ್ರದ ಮುಂದೆ ಕೂತವರನ್ನು ಗೇಟಿನ ಒಳಗೆ ಕೂರಿಸಿ, ಮಾತಾಡುವುದಿಲ್ಲ, ಮುಖ ಗಂಟು ಹಾಕಿಕೊಂಡಿರುತ್ತಾರೆ ಅಂತ ನಾನು ದೂರುತ್ತಿದ್ದೆ. ಒಂದು ಆಟೋ ಮಾಡಿ ಕಾರ್ಖಾನೆಯ ಬಾಗಿಲಿಗೆ ಕರೆದುಕೊಂಡು ಹೋಗಬೇಕು ಅಂತ ಎರಡು ವರ್ಷದಲ್ಲಿ ಒಂದು ದಿನ ನನಗೆ ತೋಚಲಿಲ್ಲ. ಈಗ ಕರೆದುಕೊಂಡು ಹೋಗುತ್ತೇನೆ, ಇಲ್ಲೇ ಇರಿ ಅಂದೆ. ಬೇಡಿಕೊಂಡೆ ಅಂತಲೇ ಇಟ್ಟುಕೋ. "ಅಲ್ಲಿ ನಿಕಲ್ ಪುಡಿ ಹಾರ್ತಿರತ್ತೆ, ನೀನು ಬರಬೇಡ" ಅಂದರು.

ಹಾಗಾಗಿ ಒಂದನೇ ತಾರೀಖು ಮೈದುನನನ್ನು ಕಳಿಸು. ಮಂಡಿಗೆ ಎರಡು ಹೊತ್ತು ಎಣ್ಣೆ, ನೋವಿದೆಯಾ ಅಂತ ಕೇಳಬೇಡ, ಇಲ್ಲ ಅನ್ನುತ್ತಾರೆ, ಸುಮ್ಮನೆ ಹಚ್ಚು. ಬೆಳಗಿನ ಮಾತ್ರೆಯನ್ನು ನಾಲಿಗೆಯ ಕೆಳಗೆ ಅಡಗಿಸಿಕೊಳ್ಳುತ್ತಾರೆ, ನುಂಗುವ ತನಕ ಎದುರಿಗೇ ನಿಂತಿರು. ಅಕ್ಕಸಾಲಿಗೆ ಮೊದಲೇ ಹೇಳಿ ಬೆನ್ನಿಗೆ ಒರಗು ಇರುವ ಕುರ್ಚಿ ಹಾಕಿಸು, ಸ್ಟೂಲ್ ಬೇಡ. ಅವನ ಕೆಲಸದಲ್ಲಿ ತಪ್ಪು ಹುಡುಕುತ್ತಾರೆ, ಅದನ್ನೂ ಮೊದಲೇ ಹೇಳು.

ಕೋಣೆ ಖಾಲಿಯಾಗುತ್ತದೆ, ಸಮವಸ್ತ್ರಕ್ಕೆ ಜಾಗವಾಗುತ್ತದೆ. ನಾನು ಎರಡು ತಿಂಗಳು ಹಲ್ಲು ಕಚ್ಚಿ ಹೋರಾಡಿದ್ದು ಇದಕ್ಕೇ. ಈಗ ಅವರ ಸೀರೆ ಮಡಚಲು ಕೈ ಏಳುತ್ತಿಲ್ಲ.

ಇನ್ನೂರು ಜೊತೆ ಹೊಲಿದು ಮುಗಿಸಲು ನನಗೆ ಮಾರ್ಚ್ ತನಕ ಹಿಡಿಯುತ್ತದೆ. ಏಪ್ರಿಲ್ ಮೊದಲ ವಾರ ನಾನೇ ಬಂದು ಅವರನ್ನು ಕರೆದುಕೊಂಡು ಬರುತ್ತೇನೆ. ವಾಪಸ್ ಕಳಿಸುತ್ತೇನೆ ಅಂತ ಒಂದು ಹಾಳೆಯಲ್ಲಿ ಬರೆದು, ಕೆಳಗೆ ಸಹಿ ಹಾಕಿ, ಮೈದುನನ ಕೈಯಲ್ಲಿ ಕೊಟ್ಟು ಕಳಿಸು. ನೀನು ಅವರನ್ನು ಅಲ್ಲೇ ಇಟ್ಟುಕೊಂಡುಬಿಡುತ್ತೀಯ ಅಂತ ನನಗೆ ಈಗಲೇ ಅನುಮಾನ.

ಅಕ್ಕ